ಕ್ಯಾಮೆರಾ ಯಾರ ಜೊತೆ ಓಡುತ್ತದೆ?

ಜಪಾನಿನ ಹಳೆಯ ಕಪ್ಪುಬಿಳುಪು ಚಿತ್ರವೊಂದರಲ್ಲಿ ಒಂದು ಪುಟ್ಟ ದೃಶ್ಯವಿದೆ. ಟೋಕಿಯೋದ ರೈಲಿನಲ್ಲಿ ಒಬ್ಬ ಹೆಂಗಸು ತನ್ನ ಜೊತೆಯವರೊಂದಿಗೆ ಮಾತಾಡುತ್ತ ಹೋಗುತ್ತಿದ್ದಾಳೆ. ಯಾವುದೋ ದೈತ್ಯಮೃಗ ಸಮುದ್ರದಲ್ಲಿ ಹಡಗುಗಳನ್ನು ಮುಳುಗಿಸುತ್ತಿದೆ, ಅದು ನಗರಕ್ಕೂ ಬರಬಹುದು ಎಂಬ ಸುದ್ದಿ ಹಬ್ಬಿದೆ. ಅವಳು ಬೇಸರದ ದನಿಯಲ್ಲಿ ಹೇಳುತ್ತಾಳೆ: ವಿಷ ತಗುಲಿದ ಮೀನಾಯಿತು, ವಿಕಿರಣದ ಮಳೆಯಾಯಿತು, ಈಗ ಇದೂ ಒಂದು. ನಾಗಾಸಾಕಿಯ ಬಾಂಬಿನಿಂದ ಹೇಗೋ ಪಾರಾಗಿ ಬಂದ ಜೀವ ತನ್ನದು ಎಂಬುದನ್ನೂ ಸೇರಿಸುತ್ತಾಳೆ. ಜೊತೆಯವನೊಬ್ಬ, ಮತ್ತೆ ಊರು ಬಿಟ್ಟು ಓಡಬೇಕೇ ಎಂದು ಗೊಣಗುತ್ತಾನೆ. ಅಷ್ಟೇ. ಯಾರೂ ಅಳುವುದಿಲ್ಲ, ಭಾಷಣ ಮಾಡುವುದಿಲ್ಲ. ಬೆಲೆಯೇರಿಕೆಯ ಬಗ್ಗೆ ಮಾತಾಡುವಂತೆ ಬಾಂಬಿನ ಬಗ್ಗೆ ಮಾತಾಡುತ್ತಾರೆ.

ಚಿತ್ರದ ಹೆಸರು 'ಗೊಜಿರಾ'. ನಿರ್ದೇಶಕ ಇಶಿರೋ ಹೋಂಡಾ. 1954ರ ನವೆಂಬರ್ 3ರಂದು ಅದು ಬಿಡುಗಡೆಯಾಯಿತು. ಮುಂದೆ ಲೋಕಕ್ಕೆಲ್ಲ 'ಗಾಡ್ಜಿಲ್ಲಾ' ಎಂದು ಪರಿಚಿತವಾದ ಮೃಗ ಹುಟ್ಟಿದ್ದು ಇಲ್ಲಿ. ಎರಡು ವರ್ಷಗಳ ನಂತರ, 1956ರಲ್ಲಿ, ಈ ಚಿತ್ರ ಅಮೆರಿಕದ ಚಿತ್ರಮಂದಿರಗಳಿಗೆ ಹೋಯಿತು. ಅಲ್ಲಿನ ಪ್ರೇಕ್ಷಕರು ನೋಡಿದ ಚಿತ್ರದಲ್ಲಿ ಮೃಗವಿತ್ತು, ಉರಿಯುವ ಟೋಕಿಯೋ ಇತ್ತು, ಓಡುವ ಜಪಾನಿ ಜನರೂ ಇದ್ದರು. ರೈಲಿನ ಆ ಹೆಂಗಸು ಮಾತ್ರ ಇರಲಿಲ್ಲ.

ಅವಳನ್ನು ತೆಗೆದದ್ದರಿಂದ ಏನು ಕಳೆದುಹೋಯಿತು? ಜಪಾನಿ ಮುಖಗಳೆಲ್ಲ ಪರದೆಯ ಮೇಲೆ ಉಳಿದಿರುವಾಗ ಒಬ್ಬಳು ಹೋದರೆ ಆಗುವ ನಷ್ಟವೇನು? ಪರದೆಯ ಮೇಲೆ ಯಾರೆಲ್ಲ ಇರಬೇಕು, ಯಾರ ಕಥೆಯನ್ನು ಯಾರು ಹೇಳಬೇಕು ಎಂಬ ಚರ್ಚೆ ಜೋರಾಗಿ ನಡೆಯುತ್ತಿರುವ ಈ ಕಾಲದಲ್ಲಿ ಈ ಸಣ್ಣ ಪ್ರಶ್ನೆಯನ್ನು ಬಿಡಿಸಿ ನೋಡುವುದು ಉಪಯುಕ್ತ ಅನಿಸುತ್ತದೆ.

ಮೃಗ ಹುಟ್ಟಿದ ವರ್ಷ

1954ರ ಮಾರ್ಚ್ 1ರಂದು ಅಮೆರಿಕವು ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಲ್ಲಿರುವ ಬಿಕಿನಿಯಲ್ಲಿ ಜಲಜನಕ ಬಾಂಬೊಂದನ್ನು ಸಿಡಿಸಿತು. ಅದರ ಬಲ 15 ಮೆಗಾಟನ್. ಹಿರೋಶಿಮಾದ ಮೇಲೆ ಬಿದ್ದ ಬಾಂಬಿನ ಸುಮಾರು ಸಾವಿರ ಪಟ್ಟು. ವಿಜ್ಞಾನಿಗಳು ಲೆಕ್ಕ ಹಾಕಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಬಲದಿಂದ ಅದು ಸಿಡಿದಿತ್ತು. ಅಪಾಯದ ವಲಯವೆಂದು ಸಾರಿದ್ದ ಗಡಿಯ ಹೊರಗೆ ಮೀನು ಹಿಡಿಯುತ್ತಿದ್ದ ಜಪಾನಿ ದೋಣಿಯೊಂದರ ಮೇಲೆ ಅದರ ಬೂದಿ ಸುರಿಯಿತು. ದೋಣಿಯ ಹೆಸರು 'ಫುಕುರ್ಯು ಮಾರು'. ಅದೃಷ್ಟದ ಡ್ರ್ಯಾಗನ್ ಎಂದು ಅದರ ಅರ್ಥ. ಅದರಲ್ಲಿದ್ದ 23 ಮಂದಿಯೂ ಕಾಯಿಲೆ ಬಿದ್ದರು. ರೇಡಿಯೋ ನಿರ್ವಾಹಕರಾಗಿದ್ದ ಐಕಿಚಿ ಕುಬೊಯಾಮಾ ಸೆಪ್ಟೆಂಬರ್ 23ರಂದು ತೀರಿಕೊಂಡರು. ಜಪಾನಿನಲ್ಲಿ ಜನ ಮೀನು ತಿನ್ನಲು ಹೆದರಿದರು, ಮಳೆಯಲ್ಲಿ ನೆನೆಯಲು ಹೆದರಿದರು. ಟೋಕಿಯೋದ ಸುಗಿನಾಮಿ ಎಂಬಲ್ಲಿ ಗೃಹಿಣಿಯರು ಆರಂಭಿಸಿದ ಬಾಂಬು ವಿರೋಧಿ ಸಹಿ ಸಂಗ್ರಹ ಮರುವರ್ಷದ ಹೊತ್ತಿಗೆ 3 ಕೋಟಿ ಸಹಿಗಳನ್ನು ದಾಟಿತು.

ಕುಬೊಯಾಮಾ ಸತ್ತು ಆರು ವಾರ ತುಂಬುವ ಮೊದಲೇ 'ಗೊಜಿರಾ' ತೆರೆಗೆ ಬಂತು. ಚಿತ್ರ ಶುರುವಾಗುವುದು ಒಂದು ಹಡಗಿನ ಮೇಲೆ. ನಾವಿಕರು ವಿರಾಮವಾಗಿ ಕೂತಿದ್ದಾರೆ. ಹಠಾತ್ತನೆ ಕಡಲಿನಲ್ಲಿ ಕಣ್ಣು ಕೋರೈಸುವ ಬೆಳಕು. ಅದು ಯಾವ ಬೆಳಕು ಎಂದು ಅಂದಿನ ಜಪಾನಿ ಪ್ರೇಕ್ಷಕರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹೋಂಡಾ ಸ್ವತಃ ಸೈನಿಕರಾಗಿ ವರ್ಷಗಟ್ಟಲೆ ಚೀನಾದಲ್ಲಿದ್ದವರು. ಯುದ್ಧ ಮುಗಿದು ಮನೆಗೆ ಮರಳುವಾಗ ಹಿರೋಶಿಮಾವನ್ನು ಕಣ್ಣಾರೆ ಕಂಡವರು. 1952ರವರೆಗೆ ಜಪಾನು ವಿದೇಶಿ ಸೇನೆಯ ಆಡಳಿತದಲ್ಲಿತ್ತು. ಆ ಆಡಳಿತದ ಮೊದಲ ವರ್ಷಗಳಲ್ಲಿ ಬಾಂಬಿನ ಪರಿಣಾಮದ ಬಗ್ಗೆ ಬಿಡುಬೀಸಾಗಿ ಬರೆಯುವುದಕ್ಕೂ ತಡೆಯಿತ್ತು. ಹೀಗೆ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಒಂದು ಮೃಗದ ರೂಪದಲ್ಲಿ ಹೊರಬಂತು. ಇದನ್ನು ಅಡಗೂಲಜ್ಜಿ ಕಥೆ ಎಂದು ತಳ್ಳಿಹಾಕುವವರು ಆ ವರ್ಷದ ದಿನಪತ್ರಿಕೆಗಳನ್ನು ನೆನೆಯಬೇಕು.

ಅಮೆರಿಕದಲ್ಲಿ ಈ ಚಿತ್ರಕ್ಕೆ ಏನಾಯಿತು? 96 ನಿಮಿಷದ ಚಿತ್ರ 80 ನಿಮಿಷಕ್ಕಿಳಿಯಿತು. ಅದರೊಳಗೆ ಹೊಸದಾಗಿ ಚಿತ್ರಿಸಿದ ಭಾಗಗಳನ್ನು ಸೇರಿಸಲಾಯಿತು. ರೇಮಂಡ್ ಬರ್ ಎಂಬ ನಟ ಸ್ಟೀವ್ ಮಾರ್ಟಿನ್ ಎಂಬ ಅಮೆರಿಕದ ಪತ್ರಕರ್ತನಾಗಿ ಬಂದರು. ಜಪಾನಿನಲ್ಲಿ ನಡೆದದ್ದನ್ನೆಲ್ಲ ಈತನೇ ನೋಡುತ್ತಾನೆ, ಈತನೇ ನಮಗೆ ಹೇಳುತ್ತಾನೆ. ಮೂಲ ಚಿತ್ರದ ಪಾತ್ರಗಳೊಂದಿಗೆ ಈತ ಮಾತಾಡುವಂತೆ ತೋರಿಸಲು, ಬೆನ್ನು ಮಾತ್ರ ಕಾಣುವಂತೆ ಬೇರೆಯವರನ್ನು ನಿಲ್ಲಿಸಲಾಯಿತು. ಜಪಾನಿ ಪಾತ್ರಗಳ ಇಂಗ್ಲಿಷ್ ಮಾತುಗಳನ್ನು ಅಮೆರಿಕದ ಜೇಮ್ಸ್ ಹಾಂಗ್ ಮುಂತಾದ ಕೆಲವೇ ಕಲಾವಿದರು ಆಡಿದರು. ಅಂದರೆ ಅನೇಕ ಮುಖಗಳಿಗೆ ಎರಡು ಮೂರು ಗಂಟಲು.

ನ್ಯಾಯವಾಗಿ ಹೇಳುವುದಾದರೆ, ಈ ಮಾರ್ಪಾಡು ಜಪಾನಿಯರನ್ನು ಗೇಲಿ ಮಾಡುವುದಿಲ್ಲ. ಯುದ್ಧ ಮುಗಿದು ಹತ್ತು ವರ್ಷಗಳಷ್ಟೇ ಆಗಿದ್ದಾಗ ಅವರನ್ನು ನೊಂದ ಮನುಷ್ಯರನ್ನಾಗಿ ಅಮೆರಿಕದವರಿಗೆ ತೋರಿಸಿತು. ಜಲಜನಕ ಬಾಂಬಿನ ಪ್ರಸ್ತಾಪವನ್ನೂ ಪೂರ್ತಿ ಅಳಿಸಲಿಲ್ಲ. ಆದರೆ ಅಂತ್ಯವನ್ನು ನೋಡಿ. ಮೂಲದಲ್ಲಿ ಮೃಗ ಸತ್ತಮೇಲೆ ವಯಸ್ಸಾದ ಪ್ರಾಗ್ಜೀವಶಾಸ್ತ್ರಜ್ಞ ಯಮಾನೆಯವರು, ಅಣುಪರೀಕ್ಷೆಗಳು ನಿಲ್ಲದಿದ್ದರೆ ಲೋಕದಲ್ಲೆಲ್ಲೋ ಇಂಥದೇ ಇನ್ನೊಂದು ಎದ್ದೀತು ಎಂದು ಚಿಂತಿಸುತ್ತಾರೆ. ಅಮೆರಿಕದ ರೂಪದಲ್ಲಿ ಪತ್ರಕರ್ತ, ಪೀಡೆ ತೊಲಗಿತು, ಇನ್ನು ಲೋಕ ನೆಮ್ಮದಿಯಾಗಿ ಬದುಕಬಹುದು ಎನ್ನುತ್ತಾನೆ. ಒಂದರಲ್ಲಿ ಮೃಗವೆಂದರೆ ಮನುಷ್ಯ ಮಾಡಿದ ತಪ್ಪಿನ ಫಲ. ಇನ್ನೊಂದರಲ್ಲಿ ಅದು ಬಂದು ಹೋದ ಬಿರುಗಾಳಿ. ಮುಖಗಳು ಅವೇ, ಅರ್ಥ ಮಾತ್ರ ಬೇರೆ.

ರೈಲಿನ ಹೆಂಗಸು ಇಲ್ಲವಾದದ್ದರ ನಷ್ಟ ಇದು. ಮೃಗ ಯಾವುದರ ನೆನಪು ಎಂದು ಹೇಳಬಲ್ಲವಳು ಅವಳಾಗಿದ್ದಳು.

ಕಾಣುವುದು ಮತ್ತು ಕೇಳಿಸುವುದು

ಇಲ್ಲಿ ಒಂದು ಆಕ್ಷೇಪ ಬರಬಹುದು. ರಬ್ಬರಿನ ಉಡುಪು ತೊಟ್ಟ ಮನುಷ್ಯ ಆಟಿಕೆಯ ಕಟ್ಟಡಗಳನ್ನು ತುಳಿಯುವ ಚಿತ್ರದಲ್ಲಿ ನ್ಯಾಯ ಅನ್ಯಾಯವನ್ನು ಹುಡುಕುವುದೇಕೆ? ಮೃಗ ಯಾರ ಬಣ್ಣವನ್ನೂ ನೋಡದೆ ತುಳಿಯುತ್ತದಲ್ಲ?

ಮೃಗ ನೋಡುವುದಿಲ್ಲ, ನಿಜ. ಆದರೆ ಕ್ಯಾಮೆರಾ ನೋಡುತ್ತದೆ. ಒಂದು ನಗರ ಕುಸಿಯುವಾಗ ಸಾವಿರಾರು ಜನ ಓಡುತ್ತಾರೆ. ಅವರಲ್ಲಿ ಒಂದು ಮನೆಯವರ ಜೊತೆ ಕ್ಯಾಮೆರಾ ಓಡುತ್ತದೆ. ಅವರಿಗೆ ಹೆಸರಿದೆ, ಮನೆಯಲ್ಲಿ ಬಿಟ್ಟುಬಂದ ಮಗುವಿದೆ. ಅವರು ಎಡವಿದರೆ ನಮ್ಮ ಎದೆ ಜಗ್ಗೆನ್ನುತ್ತದೆ. ಉಳಿದವರು ಗುಂಪು. ಗುಂಪು ಸತ್ತರೆ ಅದು ಮೃಗದ ಗಾತ್ರವನ್ನು ತಿಳಿಸುವ ಅಳತೆಗೋಲು ಅಷ್ಟೇ. ಯಾರ ಸಾವು ದುಃಖ, ಯಾರ ಸಾವು ಬರೀ ಲೆಕ್ಕ ಎಂಬ ವಿಂಗಡಣೆಯನ್ನು ಲೋಕ ದಿನವೂ ಮಾಡುತ್ತದೆ. ಅದನ್ನು ಇಷ್ಟು ನಿಚ್ಚಳವಾಗಿ, ಇಷ್ಟು ದೊಡ್ಡ ಗಾತ್ರದಲ್ಲಿ ತೋರಿಸುವ ಸಿನಿಮಾ ಪ್ರಕಾರ ಇನ್ನೊಂದಿಲ್ಲ.

1933ರ 'ಕಿಂಗ್ ಕಾಂಗ್' ಚಿತ್ರವನ್ನು ನೋಡಬೇಕು. ಸುಮಾತ್ರಾದ ಪಶ್ಚಿಮಕ್ಕೆ ಎಲ್ಲೋ ಇರುವ ದ್ವೀಪವೊಂದಕ್ಕೆ ಅಮೆರಿಕದ ಸಿನಿಮಾ ತಂಡ ಹೋಗುತ್ತದೆ. ಅಲ್ಲಿನ ಜನರನ್ನು ಅಭಿನಯಿಸಿದವರು ಅಮೆರಿಕದ ಕಪ್ಪುಜನ. ನಾಯಕನ ಪಾತ್ರ ಮಾಡಿದ್ದು ನೋಬಲ್ ಜಾನ್ಸನ್. ಹಿಂದೂ ಮಹಾಸಾಗರದ ದ್ವೀಪವಾಸಿಗಳು ಆಫ್ರಿಕಾ ಮೂಲದವರಂತೆ ಏಕೆ ಕಾಣುತ್ತಾರೆ ಎಂದು ಹಾಲಿವುಡ್ ಕೇಳಿಕೊಳ್ಳಲಿಲ್ಲ. 'ಬಿಳಿಯರಲ್ಲದವರು' ಎಂಬುದೇ ಅದಕ್ಕೆ ಸಾಕಾದ ವಿಳಾಸವಾಗಿತ್ತು. ಅದಕ್ಕಿಂತ ಮುಖ್ಯವಾದ ಸಂಗತಿ ಬೇರೆಯಿದೆ. ಆ ಜನ ತಲೆತಲಾಂತರದಿಂದ ಆ ದೈತ್ಯನ ಪಕ್ಕದಲ್ಲೇ ಬದುಕಿದ್ದಾರೆ. ನಡುವೆ ಎತ್ತರದ ಗೋಡೆಯಿದೆ. ಅವರ ಬದುಕು ನಿಂತಿರುವುದು ಆ ಮೃಗದ ಬಗೆಗಿನ ತಿಳಿವಳಿಕೆಯ ಮೇಲೆ. ಆದರೆ ಹೊರಗಿನಿಂದ ಬಂದ ಯಾರೂ ಅವರನ್ನು ಕೂರಿಸಿಕೊಂಡು, ನಿಮಗೇನು ಗೊತ್ತು ಎಂದು ಕೇಳುವುದಿಲ್ಲ. ಬಂದವರು ಮೃಗವನ್ನು ಬಂಧಿಸಿ ನ್ಯೂಯಾರ್ಕಿಗೆ ಸಾಗಿಸುತ್ತಾರೆ, ಟಿಕೆಟ್ಟಿಟ್ಟು ತೋರಿಸುತ್ತಾರೆ. ಮುರಿದ ಗೋಡೆಯ ಹಿಂದೆ ಉಳಿದವರ ಗತಿಯೇನಾಯಿತು ಎಂಬುದು ಚಿತ್ರಕ್ಕೆ ಬೇಕಿಲ್ಲ.

'ಗೊಜಿರಾ'ದಲ್ಲೂ ಇಂಥ ಒಬ್ಬ ಬಲ್ಲವನಿದ್ದಾನೆ. ಓಡೋ ಎಂಬ ದ್ವೀಪದ ಮುದಿ ಮೀನುಗಾರ, ಕಡಲಿನ ಈ ಮೃಗದ ಬಗ್ಗೆ ಹಿರಿಯರು ಹೇಳುತ್ತಿದ್ದುದನ್ನು ನೆನೆಸಿಕೊಳ್ಳುತ್ತಾನೆ. ಊರಿನ ಎಳೆಯರು ನಗುತ್ತಾರೆ. ಆದರೆ ಚಿತ್ರ ನಗುವುದಿಲ್ಲ. ಅವನ ಮಾತನ್ನೇ ನಿಜ ಮಾಡುತ್ತದೆ. ಮೃಗಕ್ಕೆ ಹೆಸರು ಬಂದದ್ದೂ ಅವನ ಬಾಯಿಂದಲೇ. ಎರಡೂ ಚಿತ್ರಗಳ ನಡುವಿನ ವ್ಯತ್ಯಾಸ ಇಲ್ಲಿದೆ. ಒಂದರಲ್ಲಿ ಸ್ಥಳೀಯರು ಕಾಣುತ್ತಾರೆ. ಇನ್ನೊಂದರಲ್ಲಿ ಅವರ ಮಾತು ಕೇಳಿಸುತ್ತದೆ.

ಕಾಂಗನ ದ್ವೀಪದ ಜನಕ್ಕೆ ಮುಂದೆ ಏನಾಯಿತೆಂಬುದೂ ಕುತೂಹಲಕರ. 2017ರ 'ಕಾಂಗ್: ಸ್ಕಲ್ ಐಲ್ಯಾಂಡ್' ಚಿತ್ರ ಅವರನ್ನು ಕಾಡುಜನರೆಂದು ಹೀಗಳೆಯಲಿಲ್ಲ. ಶಾಂತರು, ಜಗಳವಿಲ್ಲದವರು, ಪ್ರಕೃತಿಯೊಂದಿಗೆ ಹೊಂದಿ ಬದುಕುವವರು ಎಂದು ಗೌರವದಿಂದಲೇ ತೋರಿಸಿತು. ಆದರೆ ಅವರು ಮಾತನ್ನೇ ಆಡುವುದಿಲ್ಲ! ಅವರ ಪರವಾಗಿ ಅಲ್ಲಿ ಸಿಕ್ಕಿಕೊಂಡ ಅಮೆರಿಕದ ಸೈನಿಕನೊಬ್ಬ ಮಾತಾಡುತ್ತಾನೆ. 2021ರ 'ಗಾಡ್ಜಿಲ್ಲಾ ವರ್ಸಸ್ ಕಾಂಗ್' ಬರುವ ಹೊತ್ತಿಗೆ ಆ ಬುಡಕಟ್ಟಿನಲ್ಲಿ ಜಿಯಾ ಎಂಬ ಒಬ್ಬ ಹುಡುಗಿ ಮಾತ್ರ ಉಳಿದಿದ್ದಾಳೆಂದು ನಮಗೆ ತಿಳಿಸಲಾಗುತ್ತದೆ. ಉಳಿದವರೆಲ್ಲ ಪರದೆಯ ಹೊರಗೇ ಸತ್ತರು. ಈ ಹುಡುಗಿಗೆ ಕಿವಿ ಕೇಳದು. ಪಾತ್ರ ಮಾಡಿದ ಕೇಲೀ ಹಾಟಲ್ ಕೂಡ ಕಿವಿ ಕೇಳದ ಹುಡುಗಿ. ಸನ್ನೆಭಾಷೆಯಲ್ಲಿ ಕಾಂಗನೊಂದಿಗೆ ಮಾತಾಡಬಲ್ಲವಳು ಅವಳೊಬ್ಬಳೇ. ಇದು ಸಣ್ಣ ಸಂಗತಿಯಲ್ಲ. ಕಿವಿ ಕೇಳದ ಮಕ್ಕಳು ತಮ್ಮಂತೆಯೇ ಇರುವ ಒಬ್ಬಳನ್ನು ಇಷ್ಟು ದೊಡ್ಡ ಚಿತ್ರದ ಕೇಂದ್ರದಲ್ಲಿ ಕಂಡರು. ಆದರೆ ಅದೇ ಚಿತ್ರ ಒಂದು ಇಡೀ ಜನಾಂಗದ ಅಳಿವನ್ನು ಒಂದೆರಡು ಮಾತಿನಲ್ಲಿ ದಾಟಿಹೋಗುತ್ತದೆ. ಒಂದೇ ಚಿತ್ರ ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಿತ್ತುಕೊಳ್ಳಬಲ್ಲದು. ಎರಡನ್ನೂ ನೋಡುವ ಪ್ರಾಮಾಣಿಕತೆ ನಮಗಿರಬೇಕು.

ಕೆಂಪು ಚಪ್ಪಲಿಯ ಹುಡುಗಿ

ಮುಖಗಳನ್ನು ಎಣಿಸುವುದು ಪೊಳ್ಳು ಕೆಲಸ ಎನ್ನುವವರಿದ್ದಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಕಾರಣ 2013ರ 'ಪೆಸಿಫಿಕ್ ರಿಮ್'. ಮೆಕ್ಸಿಕೋದ ಗಿಯೆರ್ಮೋ ದೆಲ್ ತೋರೋ ಇದರ ನಿರ್ದೇಶಕರು. ಕಡಲಿನ ಬಿರುಕಿನಿಂದ ಮೇಲೇಳುವ ಮೃಗಗಳೊಂದಿಗೆ ಹೋರಾಡಲು ಲೋಕದ ದೇಶಗಳೆಲ್ಲ ಸೇರಿ ದೈತ್ಯಯಂತ್ರಗಳನ್ನು ಕಟ್ಟುತ್ತವೆ. ಒಂದು ಯಂತ್ರವನ್ನು ನಡೆಸಲು ಒಬ್ಬರಿಂದ ಆಗುವುದಿಲ್ಲ. ಇಬ್ಬರು ತಮ್ಮ ನೆನಪುಗಳನ್ನು ಬೆಸೆದುಕೊಳ್ಳಬೇಕು. ಇನ್ನೊಬ್ಬರ ನೋವನ್ನು ಒಳಗಿನಿಂದ ಕಾಣದೆ ಹೆಜ್ಜೆಯೂ ಎತ್ತಲಾಗದು ಎಂಬುದು ಒಳ್ಳೆಯ ಕಲ್ಪನೆ.

ಈ ಚಿತ್ರದಲ್ಲಿ ಮಾಕೋ ಮೋರಿ ಎಂಬ ಜಪಾನಿ ಹುಡುಗಿಯಿದ್ದಾಳೆ. ದೊಡ್ಡವಳಾದ ಮಾಕೋ ಪಾತ್ರವನ್ನು ರಿಂಕೋ ಕಿಕುಚಿ ಮಾಡಿದ್ದಾರೆ. ಅವಳ ಬಾಲ್ಯದ ನೆನಪು ಚಿತ್ರದ ಅತ್ಯುತ್ತಮ ದೃಶ್ಯ. ಬೂದಿ ಸುರಿಯುವ ಟೋಕಿಯೋದ ಬೀದಿಯಲ್ಲಿ ಪುಟ್ಟ ಹುಡುಗಿಯೊಬ್ಬಳು ಒಂದು ಕೆಂಪು ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಅಳುತ್ತ ನಡೆಯುತ್ತಾಳೆ. ಮೃಗ ಬೆನ್ನಟ್ಟುತ್ತದೆ. ಆಗ ಕ್ಯಾಮೆರಾ ಅವಳ ಜೊತೆ ಓಡುತ್ತದೆ, ಅವಳ ಎತ್ತರದಿಂದ ಲೋಕವನ್ನು ನೋಡುತ್ತದೆ. ಅವಳನ್ನು ಉಳಿಸಿ ಸಾಕುವವನು ಇದ್ರಿಸ್ ಎಲ್ಬಾ ಅಭಿನಯಿಸಿದ ಕಪ್ಪು ಸೇನಾನಿ. ಹಾಲಿವುಡ್ ದೊಡ್ಡ ಬಂಡವಾಳ ಹಾಕಿದ ಚಿತ್ರವೊಂದರಲ್ಲಿ ಜಪಾನಿ ಅನಾಥೆ ಮತ್ತು ಕಪ್ಪು ತಂದೆಯ ನಡುವಿನ ಮಮತೆ ಕಥೆಯ ಹೃದಯವಾಗಿತ್ತು. ಇದನ್ನು ಬರೀ ಲೆಕ್ಕ ಎನ್ನುವುದು ಸರಿಯಲ್ಲ.

ಹೆಂಗಸರ ಪಾತ್ರವನ್ನು ಅಳೆಯಲು ಅಮೆರಿಕದ ಆಲಿಸನ್ ಬೆಕ್ಡೆಲ್ ಅವರ 1985ರ ವ್ಯಂಗ್ಯಚಿತ್ರದಿಂದ ಬಂದ ಒಂದು ಪರೀಕ್ಷೆಯಿದೆ. ಇಬ್ಬರು ಹೆಂಗಸರು ಇರಬೇಕು, ಅವರು ಪರಸ್ಪರ ಮಾತಾಡಬೇಕು, ಆ ಮಾತು ಗಂಡಸಿನ ಬಗ್ಗೆ ಆಗಿರಬಾರದು. 'ಪೆಸಿಫಿಕ್ ರಿಮ್' ಇದರಲ್ಲಿ ನಪಾಸು. ಮಾಕೋಳನ್ನು ಮೆಚ್ಚಿದವರು ಅದೇ ವರ್ಷ ಅವಳ ಹೆಸರಿನಲ್ಲೇ ಇನ್ನೊಂದು ಪರೀಕ್ಷೆಯನ್ನು ಮುಂದಿಟ್ಟರು. ಚಿತ್ರದಲ್ಲಿ ಒಬ್ಬಳಾದರೂ ಹೆಂಗಸಿಗೆ ತನ್ನದೇ ಆದ ಕಥೆ ಇದೆಯೇ, ಆ ಕಥೆ ಗಂಡಸಿನ ಕಥೆಗೆ ಊರುಗೋಲಾಗದೆ ನಿಲ್ಲುತ್ತದೆಯೇ ಎಂಬುದೇ ಆ ಪರೀಕ್ಷೆ. ಒಂದು ಅಳತೆಗೋಲು ಸೋತಲ್ಲಿ ಇನ್ನೊಂದನ್ನು ಹುಡುಕಿದ ಈ ಜಗಳ ಆರೋಗ್ಯಕರವಾದದ್ದು. ಯಾವ ಅಳತೆಗೋಲೂ ತಾನೇ ನ್ಯಾಯವಲ್ಲ ಎಂದು ಅದು ಕಲಿಸಿತು.

ಆದರೂ ಅದೇ ಚಿತ್ರದಲ್ಲಿ ಚೀನಾದ ಮೂವರು ಅಣ್ಣತಮ್ಮಂದಿರು, ರಷ್ಯಾದ ಗಂಡಹೆಂಡತಿ ಹೆಚ್ಚು ಮಾತಿಲ್ಲದೆ ಬಂದು ಹಾಂಗ್‌ಕಾಂಗಿನ ಕಡಲಲ್ಲಿ ಸಾಯುತ್ತಾರೆ. ಕೊನೆಯ ಗಳಿಗೆಯಲ್ಲಿ ಪ್ರಜ್ಞೆ ತಪ್ಪಿದ ಮಾಕೋಳನ್ನು ಅಮೆರಿಕದ ನಾಯಕ ಮೇಲಕ್ಕೆ ಕಳಿಸಿ, ಲೋಕವನ್ನು ತಾನೊಬ್ಬನೇ ಉಳಿಸುತ್ತಾನೆ. 2018ರಲ್ಲಿ ಬಂದ ಮುಂದಿನ ಭಾಗದಲ್ಲಿ ಮಾಕೋ ಬೇಗನೆ ಸತ್ತುಹೋಗುತ್ತಾಳೆ. ಅವಳ ಸಾವು ಇನ್ನೊಬ್ಬ ನಾಯಕ ಎಚ್ಚೆತ್ತುಕೊಳ್ಳಲು ಕಾರಣವಾಗುತ್ತದೆ. ಯಾವ ಊರುಗೋಲು ಆಗಬಾರದು ಎಂದು ಅವಳ ಹೆಸರಿನಲ್ಲೇ ಪರೀಕ್ಷೆ ಹುಟ್ಟಿತ್ತೋ, ಕಡೆಗೆ ಅವಳನ್ನು ಅದೇ ಮಾಡಿದರು.

ಇಬ್ಬರು ಸೆರಿಜಾವಾ

ಮುಖ ಇದ್ದೂ ಅರ್ಥ ತಲೆಕೆಳಗಾಗುವುದಕ್ಕೆ ನನಗೆ ಗೊತ್ತಿರುವ ದೊಡ್ಡ ಉದಾಹರಣೆ ಒಂದು ಹೆಸರಿನದು.

1954ರ ಚಿತ್ರದಲ್ಲಿ ಸೆರಿಜಾವಾ ಎಂಬ ವಿಜ್ಞಾನಿಯಿದ್ದಾನೆ. ಯುದ್ಧದಲ್ಲಿ ಒಂದು ಕಣ್ಣು ಕಳೆದುಕೊಂಡವನು. ನೀರಿನೊಳಗಿನ ಆಮ್ಲಜನಕವನ್ನು ಇಲ್ಲವಾಗಿಸಿ ಜೀವಿಗಳನ್ನೆಲ್ಲ ಕೊಲ್ಲುವ ವಸ್ತುವೊಂದನ್ನು ಕಂಡುಹಿಡಿದಿದ್ದಾನೆ. ಮೃಗವನ್ನು ಕೊಲ್ಲಲು ಅದೊಂದೇ ದಾರಿ. ಆದರೆ ಕೊಡಲು ಒಪ್ಪುವುದಿಲ್ಲ. ಒಮ್ಮೆ ಬಳಸಿದರೆ ಲೋಕದ ಆಳುವವರು ಅದನ್ನು ಆಯುಧ ಮಾಡದೆ ಬಿಡುವುದಿಲ್ಲ ಎಂದು ಅವನಿಗೆ ಗೊತ್ತು. ಉರಿದ ನಗರವನ್ನು, ಮಕ್ಕಳ ಶಾಂತಿಪ್ರಾರ್ಥನೆಯನ್ನು ಟೆಲಿವಿಷನ್ನಿನಲ್ಲಿ ನೋಡಿದ ಮೇಲೆ ಒಪ್ಪುತ್ತಾನೆ. ಆದರೆ ಮೊದಲು ತನ್ನ ಕಾಗದಪತ್ರಗಳನ್ನೆಲ್ಲ ಸುಡುತ್ತಾನೆ. ಮೃಗದೊಂದಿಗೆ ಕಡಲ ತಳಕ್ಕಿಳಿದು, ತನ್ನ ಜೀವದ ಹಗ್ಗವನ್ನು ತಾನೇ ಕತ್ತರಿಸಿಕೊಳ್ಳುತ್ತಾನೆ. ತಲೆಯೊಳಗಿರುವ ಗುಟ್ಟನ್ನೂ ಯಾರಿಗೂ ಸಿಗದಂತೆ ಮಾಡುವ ದಾರಿ ಅದೊಂದೇ ಆಗಿತ್ತು. ಆತ್ಮಹತ್ಯೆಯನ್ನು ನಾವು ಒಪ್ಪದಿರಬಹುದು. ಆದರೆ ತನ್ನ ಅರಿವಿಗೆ ತಾನೇ ಹೊಣೆಯಾಗುವ ವಿಜ್ಞಾನಿಯ ಸಂಕಟವನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಜನಪ್ರಿಯ ಚಿತ್ರಗಳು ಕಡಿಮೆ.

ಅರವತ್ತು ವರ್ಷಗಳ ನಂತರ, 2014ರಲ್ಲಿ, ಹಾಲಿವುಡ್ ಹೊಸ 'ಗಾಡ್ಜಿಲ್ಲಾ' ತೆಗೆಯಿತು. ಅದರಲ್ಲೂ ಸೆರಿಜಾವಾ ಇದ್ದಾರೆ. ಮೊದಲ ಹೆಸರು ಇಶಿರೋ, ನಿರ್ದೇಶಕ ಹೋಂಡಾ ಅವರ ನೆನಪಿಗೆ. ಅಭಿನಯಿಸಿದ್ದು ಕೆನ್ ವತನಾಬೆ, ಜಪಾನಿನ ಹೆಸರಾಂತ ನಟ. ತನ್ನ ತಂದೆಯ ಗಡಿಯಾರವನ್ನು ಆತ ಅಮೆರಿಕದ ಸೇನಾಧಿಕಾರಿಗೆ ತೋರಿಸುತ್ತಾನೆ. ಅದು 8 ಗಂಟೆ 15 ನಿಮಿಷಕ್ಕೆ ನಿಂತಿದೆ. ಹಿರೋಶಿಮಾದ ಹೊತ್ತು ಅದು. ಇದಕ್ಕಿಂತ ಹೆಚ್ಚಿನ ಗೌರವ ಇನ್ನೇನು ಬೇಕು?

ಆದರೆ ಅದೇ ಚಿತ್ರ ಇನ್ನೊಂದು ಮಾತನ್ನೂ ಹೇಳುತ್ತದೆ. ಪೆಸಿಫಿಕ್ಕಿನಲ್ಲಿ ಅಂದು ನಡೆದ ಬಾಂಬು ಸ್ಫೋಟಗಳು ಪರೀಕ್ಷೆಗಳೇ ಅಲ್ಲವಂತೆ. ಮೃಗವನ್ನು ಕೊಲ್ಲುವ ಪ್ರಯತ್ನಗಳಂತೆ! 1954ರಲ್ಲಿ ಬಾಂಬು ಮೃಗವನ್ನು ಎಬ್ಬಿಸಿತ್ತು. 2014ರಲ್ಲಿ ಮೃಗದಿಂದ ಲೋಕವನ್ನು ಕಾಯಲು ಬಾಂಬು ಬಂತು. ಅಪರಾಧವನ್ನು ರಕ್ಷಣೆಯನ್ನಾಗಿ ತಿರುಗಿಸಲು ಒಂದು ಮಾತು ಸಾಕಾಯಿತು. 2019ರ ಮುಂದಿನ ಚಿತ್ರ ಇನ್ನೂ ಒಂದು ಹೆಜ್ಜೆ ಹೋಯಿತು. ಗಾಯಗೊಂಡ ಗಾಡ್ಜಿಲ್ಲಾಗೆ ಜೀವ ತುಂಬಲು ಅಣುಶಕ್ತಿ ಬೇಕು. ಅದಕ್ಕಾಗಿ ಒಬ್ಬರು ಅಣುಬಾಂಬನ್ನು ಕಡಲಾಳಕ್ಕೆ ಒಯ್ದು ಕೈಯಾರೆ ಸಿಡಿಸಬೇಕು. ಆ ಒಬ್ಬರು ಯಾರು? ಸೆರಿಜಾವಾ. ಹಿರೋಶಿಮಾದ ಗಡಿಯಾರವನ್ನು ಹೊತ್ತು ತಿರುಗಿದ ಮಗ.

ಮೊದಲ ಸೆರಿಜಾವಾ ಸತ್ತದ್ದು ಮಹಾಸಂಹಾರದ ಆಯುಧ ಯಾರ ಕೈಗೂ ಸಿಗದಿರಲಿ ಎಂದು. ಎರಡನೆಯ ಸೆರಿಜಾವಾ ಸತ್ತದ್ದು ಅಣುಬಾಂಬು ಸಿಡಿಸಿ. ಎರಡೂ ತ್ಯಾಗವೇ, ಎರಡರಲ್ಲೂ ಜಪಾನಿ ನಟನಿದ್ದಾನೆ, ಗೌರವವಿದೆ, ಸಂಗೀತವಿದೆ. ಮುಖಗಳನ್ನು ಮಾತ್ರ ಎಣಿಸುವವರಿಗೆ ಎರಡನೆಯದೇ ಹೆಚ್ಚು ಉದಾರವಾಗಿ ಕಾಣಬಹುದು. ಆದರೆ ಬಾಂಬಿಗೆ ಒಳಗಾದವರ ಮಗನ ಕೈಯಿಂದಲೇ ಬಾಂಬಿಗೆ ಒಳ್ಳೆಯ ಹೆಸರು ಕೊಡಿಸುವುದು ಪ್ರಾತಿನಿಧ್ಯವೇ? ಅದಕ್ಕೆ ಬೇರೆ ಹೆಸರು ಬೇಕು. ಒಪ್ಪಿಗೆಯ ಸಹಿ ಎನ್ನೋಣವೇ? ನೊಂದವರ ಪರವಾಗಿ ಬೇರೆಯವರು ಹಾಕಿಕೊಂಡ ಸಹಿ.

1998ರ ಹಾಲಿವುಡ್ ಗಾಡ್ಜಿಲ್ಲಾ ಕೂಡ ಇಂಥದೇ ಜಾಣತನ ಮಾಡಿತ್ತು. ಅಲ್ಲಿ ಮೃಗ ಹುಟ್ಟುವುದು ಪಾಲಿನೇಷ್ಯಾದಲ್ಲಿ ಫ್ರಾನ್ಸ್ ನಡೆಸಿದ ಪರೀಕ್ಷೆಗಳಿಂದ. ಫ್ರಾನ್ಸ್ ಅಲ್ಲಿ ಬಾಂಬು ಸಿಡಿಸಿದ್ದು ಸುಳ್ಳಲ್ಲ. ಆದರೆ 1946ರಿಂದ 1958ರವರೆಗೆ ಮಾರ್ಷಲ್ ದ್ವೀಪಗಳಲ್ಲಿ 67 ಬಾಂಬುಗಳನ್ನು ಸಿಡಿಸಿದ ದೇಶ, ತನ್ನ ಮೃಗದ ಹೊಣೆಯನ್ನು ನೆರೆಯವನ ತಲೆಗೆ ಕಟ್ಟಿತು. ಆ ಚಿತ್ರ ಬಂದದ್ದು 1998ರ ಮೇ ತಿಂಗಳಲ್ಲಿ. ಅದೇ ತಿಂಗಳು ನಮ್ಮ ಪೋಖರಣಿನಲ್ಲಿ, ಅದರ ಬೆನ್ನಿಗೇ ಪಾಕಿಸ್ತಾನದ ಚಾಗೈಯಲ್ಲಿ ಬಾಂಬುಗಳು ಸಿಡಿದಿದ್ದವು. ಎರಡೂ ಕಡೆ ಬೀದಿಗಳಲ್ಲಿ ಸಿಹಿ ಹಂಚಿದ್ದರು. ಬೇರೆಯವರ ಮೃಗದ ಬಗ್ಗೆ ಬರೆಯುವಾಗ ಇದನ್ನು ಮರೆತರೆ ನಾವೂ ಆ ಜಾಣರ ಸಾಲಿಗೇ ಸೇರುತ್ತೇವೆ.

ನನ್ನ ಮಾತೂ ಮಾತೇ

ಹಾಗಾದರೆ ನಿಜವಾದ ಪ್ರಾತಿನಿಧ್ಯ ಹೇಗಿರುತ್ತದೆ? ಕೊರಿಯಾದ ಬಾಂಗ್ ಜೂನ್ ಹೋ 2006ರಲ್ಲಿ ತೆಗೆದ 'ದಿ ಹೋಸ್ಟ್' ಇದಕ್ಕೆ ಒಂದು ಉತ್ತರ. 2000ದಲ್ಲಿ ಸೋಲ್ ನಗರದ ಅಮೆರಿಕನ್ ಸೇನಾನೆಲೆಯಲ್ಲಿ, ಶವ ಕೆಡದಂತೆ ಇಡಲು ಬಳಸುವ ಫಾರ್ಮಾಲ್ಡಿಹೈಡ್ ವಿಷವನ್ನು ಚರಂಡಿಗೆ ಸುರಿಸಿದ ನಿಜಘಟನೆಯಿಂದ ಕಥೆ ಹೊರಡುತ್ತದೆ. ಹಾನ್ ನದಿಯಲ್ಲಿ ಮೃಗ ಬೆಳೆಯುತ್ತದೆ. ಅದು ಎತ್ತಿಕೊಂಡು ಹೋಗುವುದು ನದಿದಂಡೆಯಲ್ಲಿ ತಿಂಡಿ ಮಾರುವ ಬಡಕುಟುಂಬದ ಹುಡುಗಿಯನ್ನು. ಅವಳು ಬದುಕಿದ್ದಾಳೆ ಎಂದು ತಂದೆಗೆ ಗೊತ್ತು. ಅವಳ ಫೋನ್ ಬಂದಿದೆ. ಪೊಲೀಸರು, ವೈದ್ಯರು, ಅಧಿಕಾರಿಗಳು ಯಾರೂ ಕೇಳಿಸಿಕೊಳ್ಳುವುದಿಲ್ಲ. ಅವನನ್ನು ಹುಚ್ಚ, ರೋಗಿ ಎಂದು ಹಿಡಿದು ಕೂಡಿಹಾಕುತ್ತಾರೆ. ಒಂದು ಗಳಿಗೆಯಲ್ಲಿ ಅವನು, ನನ್ನ ಮಾತೂ ಮಾತೇ ಅಲ್ಲವೇ, ಯಾಕೆ ಕೇಳುವುದಿಲ್ಲ ಎಂದು ಅಂಗಲಾಚುತ್ತಾನೆ.

ಮೃಗಕ್ಕಿಂತ ಹೆಚ್ಚು ಭಯ ಹುಟ್ಟಿಸುವ ದೃಶ್ಯ ಅದು. ಈ ಮನುಷ್ಯ ಶೂರನಲ್ಲ, ಜಾಣನಲ್ಲ. ಅಂಗಡಿಯಲ್ಲಿ ತೂಕಡಿಸುವ ಸೋಮಾರಿ. ಆದರೆ ತನ್ನ ಮೇಲೆ ಬಂದ ಕೇಡು ಎಲ್ಲಿಂದ ಬಂತು, ಯಾರಿಂದ ಬಂತು, ತನಗೇನು ಕಳೆದುಹೋಯಿತು ಎಂಬುದು ಅವನಿಗೆ ಗೊತ್ತಿದೆ. ಚಿತ್ರ ಅವನನ್ನು ಆದರ್ಶಪುರುಷನನ್ನಾಗಿ ಮಾಡದೆಯೇ ಅವನನ್ನು ನಂಬುತ್ತದೆ. ಅಂಚಿನ ಜನರನ್ನು ಒಳ್ಳೆಯವರಾಗಿ ತೋರಿಸಬೇಕೆಂಬುದು ಉದಾರವಾದಿಗಳ ಆಸೆ. ಒಳ್ಳೆಯವರಾಗಿ ತೋರಿಸುವುದಕ್ಕಿಂತ ಅವರ ಮಾತನ್ನು ನಂಬುವುದು ಕಷ್ಟ. ನಂಬಿದರೆ ಹೊಣೆಗಾರ ಯಾರು ಎಂಬ ಪ್ರಶ್ನೆ ಬೆನ್ನಿಗೇ ಬರುತ್ತದೆ.

ನೊಂದವರ ನೆರಳಿನಲ್ಲಿ

ಇಷ್ಟು ಹೇಳಿ ನಿಲ್ಲಿಸಿದರೆ 1954ರ 'ಗೊಜಿರಾ' ಕಳಂಕವಿಲ್ಲದ ಚಿತ್ರವಾಗಿ ಉಳಿಯುತ್ತದೆ. ಆದರೆ ಅದರ ಕ್ಯಾಮೆರಾ ಕೂಡ ಒಬ್ಬರ ಜೊತೆ ಓಡಲಿಲ್ಲ.

ಬಿಕಿನಿ ಖಾಲಿ ದ್ವೀಪವಾಗಿರಲಿಲ್ಲ. 1946ರಲ್ಲಿ ಅಲ್ಲಿನ 167 ಜನರನ್ನು, ಇದು ಮನುಕುಲದ ಒಳಿತಿಗಾಗಿ ಎಂದು ಹೇಳಿ ಬೇರೆಡೆಗೆ ಸಾಗಿಸಿದ್ದರು. 1954ರ ಮಾರ್ಚ್‌ನ ಆ ಬೂದಿ ಜಪಾನಿ ದೋಣಿಯ ಮೇಲೆ ಮಾತ್ರ ಬೀಳಲಿಲ್ಲ. ರೊಂಗೆಲಾಪ್ ಎಂಬ ದ್ವೀಪದ ಮೇಲೂ ಬಿತ್ತು. ಬಿಳಿಯ ಪುಡಿಯಲ್ಲಿ ಮಕ್ಕಳು ಆಡಿದರು. ಅವರನ್ನು ಅಲ್ಲಿಂದ ಕರೆದೊಯ್ಯಲು ಎರಡು ದಿನಗಳು ಬೇಕಾದವು. ಅವರ ದೇಹದ ಮೇಲೆ ವಿಕಿರಣ ಮಾಡುವ ಪರಿಣಾಮವನ್ನು ಅಮೆರಿಕದ ವೈದ್ಯರು ವರ್ಷಗಟ್ಟಲೆ ಅಭ್ಯಾಸ ಮಾಡಿದರು. 1957ರಲ್ಲಿ, ವಿಷ ಇನ್ನೂ ಇದ್ದ ನೆಲಕ್ಕೇ ಅವರನ್ನು ಮರಳಿ ಬಿಟ್ಟರು. ಕೊನೆಗೆ 1985ರಲ್ಲಿ ಗ್ರೀನ್‌ಪೀಸ್ ಸಂಘಟನೆಯ ಹಡಗಿನಲ್ಲಿ ಅವರೇ ಊರು ತೊರೆದರು.

'ಗೊಜಿರಾ'ದಲ್ಲಿ ಇವರಿಲ್ಲ. ಬಾಂಬು ಎಬ್ಬಿಸಿದ ಮೃಗ ನೇರ ಜಪಾನಿಗೆ ಬರುತ್ತದೆ. ಬಾಂಬು ಬಿದ್ದ ಊರಿನ ಜನ ಕಥೆಯಲ್ಲಿ ಬರುವುದಿಲ್ಲ. ಮಾರ್ಷಲ್ ದ್ವೀಪಗಳನ್ನು ಅಮೆರಿಕಕ್ಕಿಂತ ಮೊದಲು ಸುಮಾರು ಮೂವತ್ತು ವರ್ಷ ಆಳಿದ್ದು ಜಪಾನೇ ಎಂಬುದನ್ನು ನೆನೆದರೆ ಈ ಮರೆವು ಇನ್ನಷ್ಟು ಚುಚ್ಚುತ್ತದೆ. 1961ರಲ್ಲಿ ಹೋಂಡಾ ಅವರೇ ತೆಗೆದ 'ಮಾತ್ರಾ' ಚಿತ್ರದಲ್ಲಿ ಆ ಜನರ ನೆರಳು ಕಾಣುತ್ತದೆ. ಬಾಂಬು ಪರೀಕ್ಷೆ ನಡೆದ ದ್ವೀಪದಲ್ಲಿ ಜನರೇ ಇಲ್ಲವೆಂದು ಲೋಕ ನಂಬಿರುತ್ತದೆ. ಇದ್ದಾರೆಂದು ಆಮೇಲೆ ತಿಳಿಯುತ್ತದೆ. ಆಳವಾದ ಕಲ್ಪನೆಯಿದು. ಆದರೆ ಆ ದ್ವೀಪವಾಸಿಗಳ ಪಾತ್ರ ಮಾಡಿದವರು ಮೈಗೆ ಕಪ್ಪು ಬಳಿದುಕೊಂಡ ಜಪಾನಿಯರು. ಹಾಲಿವುಡ್ 1933ರಲ್ಲಿ ಮಾಡಿದ್ದನ್ನೇ ಟೋಕಿಯೋ ಇನ್ನೊಂದು ಬಗೆಯಲ್ಲಿ ಮಾಡಿತು. 2023ರ 'ಗಾಡ್ಜಿಲ್ಲಾ ಮೈನಸ್ ಒನ್' ಯುದ್ಧದಿಂದ ಹಿಂದಿರುಗಿದ ಸೈನಿಕನ ಅಪರಾಧಪ್ರಜ್ಞೆಯನ್ನು, ಪ್ರಜೆಗಳ ಜೀವವನ್ನು ಅಗ್ಗ ಮಾಡಿದ ಪ್ರಭುತ್ವವನ್ನು ಮನಮುಟ್ಟುವಂತೆ ತೋರಿಸಿತು. 2024ರಲ್ಲಿ ದೃಶ್ಯ ಪರಿಣಾಮಗಳಿಗಾಗಿ ಆಸ್ಕರ್ ಪಡೆಯಿತು. ಅಲ್ಲೂ ಜಪಾನಿ ಸೇನೆ ತುಳಿದ ಕೊರಿಯಾ, ಚೀನಾದ ಜನರ ಸದ್ದಿಲ್ಲ.

ಒಂದು ಚಿತ್ರ ಎಲ್ಲರ ನೋವನ್ನೂ ಹೇಳಬೇಕೆಂದು ನಾನು ವಾದಿಸುತ್ತಿಲ್ಲ. ಅದು ಸಾಧ್ಯವೂ ಇಲ್ಲ. ನಾನು ಹೇಳುತ್ತಿರುವುದು ಇಷ್ಟು: ನೋವುಂಡವರಿಗೆ ತಮ್ಮ ನೋವನ್ನು ಹೇಳುವ ಹಕ್ಕು ಮೊದಲು ಬರಬೇಕು. ಅದು ಬಂದ ಮೇಲೆ, ತನ್ನ ನೋವಿನ ನೆರಳಿನಲ್ಲಿ ಇನ್ನಾರು ನಿಂತಿದ್ದಾರೆ ಎಂದು ತಿರುಗಿ ನೋಡುವ ಹೊಣೆಯೂ ಬರುತ್ತದೆ. ಹಕ್ಕನ್ನು ಕೇಳುವವರು ಹೊಣೆಯನ್ನು ಬಿಟ್ಟರೆ, ನಾಳೆ ಅವರ ಕ್ಯಾಮೆರಾಕ್ಕೂ ಉಳಿದವರೆಲ್ಲ ಗುಂಪಾಗಿಯೇ ಕಾಣುತ್ತಾರೆ. ತನಗಾದದ್ದನ್ನು ಮರೆಯದವರೇ ಇನ್ನೊಬ್ಬರಿಗಾದದ್ದನ್ನು ಮರೆಯುವುದು ನಮ್ಮ ನಡುವೆಯೂ ಹೊಸದಲ್ಲ.

ಹೋಂಡಾ ಅವರ ಮೂಲ ಚಿತ್ರ ಅಮೆರಿಕದ ಚಿತ್ರಮಂದಿರಗಳಲ್ಲಿ ವ್ಯಾಪಕವಾಗಿ ಬಿಡುಗಡೆಯಾದದ್ದು 2004ರಲ್ಲಿ. ರೈಲಿನ ಹೆಂಗಸು ಅಲ್ಲಿನ ಪ್ರೇಕ್ಷಕರನ್ನು ಮುಟ್ಟಲು 48 ವರ್ಷ ಹಿಡಿಯಿತು. ಅವಳು ಹೇಳುವುದು ಎರಡೇ ಮಾತು, ಅದೂ ಗೊಣಗಿದ ಹಾಗೆ. ಆದರೂ ಅದನ್ನು ಕೇಳಿದ ಮೇಲೆ ಮೃಗ ಮೊದಲಿನಂತೆ ಕಾಣುವುದಿಲ್ಲ. ರೊಂಗೆಲಾಪಿನಲ್ಲಿ ಬಿಳಿಯ ಬೂದಿಯೊಂದಿಗೆ ಆಡಿದ ಮಕ್ಕಳ ಜೊತೆ ಓಡುವ ದೈತ್ಯಮೃಗದ ಚಿತ್ರವನ್ನು ನಾನು ಈವರೆಗೆ ನೋಡಿಲ್ಲ.